ಬೀರುವಿನೊಳಗಿನ ಗ್ಲೌಸು

ಮೋಕ್ಷಿತಾಳ ಕೈಯನ್ನು ನಾನು ಮೊದಲು ಮುಟ್ಟಿದ್ದು ಇನ್‌ಸ್ಪೆಕ್ಷನ್ ದಿನ.

ತೆಕ್ಕಟ್ಟೆಯ ಆಚೆ ನಮ್ಮ ಗೇರುಬೀಜದ ಫ್ಯಾಕ್ಟರಿ. ಅವಳು ಬೀಜ ಒಡೆಯುವವಳು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಸೇರಿದವನು, ಈಗ ಸ್ಟೋರಿನ ಬೀಗದ ಕೈ ನನ್ನ ಹತ್ತಿರ. ಆಫೀಸರು ಬರುವ ದಿನ ಬೀರು ತೆಗೆದು ಗ್ಲೌಸು ಹಂಚಬೇಕು, ಅವರು ಹೋದ ಮೇಲೆ ವಾಪಸ್ ತಗೊಂಡು ಬೀಗ ಹಾಕಬೇಕು. ಉಳಿದ ದಿನ ಹೆಂಗಸರಿಗೆ ಕೈಗೆ ಬಳಿದುಕೊಳ್ಳುವ ಬೂದಿಯೇ ಗತಿ. ಸಿಪ್ಪೆಯ ಎಣ್ಣೆ ಬೂದಿಗೆ ಹೆದರುತ್ತದಾ? ಚರ್ಮ ಸುಟ್ಟೇ ಹೋಗುತ್ತದೆ.

"ಹ್ವಾಯ್ ನಿತೇಶ, ಮೆಲ್ಲ ಮಾರಾಯಾ! ಅದ್ ಬೀಜ ಅಲ್ಲ, ನನ್ನ ಕೈ."

ಅಂಗೈ ನಡುವೆ ಹಸಿ ಗಾಯ. ಉಸಿರು ಹಿಡಿದು, ಒಂದೊಂದೇ ಬೆರಳಿಗೆ ರಬ್ಬರು ಇಳಿಸಿದೆ. ಅವಳು ತಲೆ ಬಗ್ಗಿಸಿ ನಕ್ಕಳು. ಕಣ್ಣು ಮಾತ್ರ ನನ್ನ ಮುಖದ ಮೇಲೇ.

"ಎಂತ, ಇಡೀ ದಿನ ಇದೇ ಕೆಲ್ಸ ಮಾಡ್ತ್ಯಾ?"

"ನೀನ್ ಹೂಂ ಅಂದ್ರೆ ಮಾಡ್ತೆ."

ಅವಳ ನಗು ನಿಂತಿತು. "ಆಫೀಸಿಗೆ ಗ್ಲೌಸಿನ ದೂರು ಬರ್ದದ್ದ್ ನಾನೇ. ಯಾರಿಗೂ ಗೊತ್ತಿಲ್ಲೆ. ಆಫೀಸರ್ ಕೇಂಡ್ರೆ ಇದ್ದದ್ದ್ ಹೇಳ್, ಅಷ್ಟ್ ಸಾಕ್."

"ಹೇಳ್ತೆ," ಅಂದೆ.

ಆಫೀಸರ್ ಮೇಡಂ ನನ್ನನ್ನೇ ಕೇಳಿದರು. "ಗ್ಲೌಸು ದಿನಾ ಕೊಡ್ತೀರಾ?"

ಮ್ಯಾನೇಜರ್ ಪ್ರೇಮಾನಂದ ಬೆನ್ನ ಹಿಂದೆ ಕೆಮ್ಮಿದ. ನನ್ನನ್ನು ಸೂಪರ್‌ವೈಸರ್ ಮಾಡುತ್ತೇನೆ ಅಂದಿದ್ದ. ಸೂಪರ್‌ವೈಸರ್ ಆದರೆ ಅವಳ ಮನೆಗೆ ಹೋಗಿ ಹೆಣ್ಣು ಕೇಳಬಹುದು, ಮದುವೆಯಾಗಬಹುದು ಅಂದುಕೊಂಡಿದ್ದೆ. ಥೂ, ನನ್ನ ಜನ್ಮಕ್ಕೆ!

"ದಿನಾ ಕೊಡ್ತೇವೆ ಮೇಡಂ."

ಮೋಕ್ಷಿತಾ ಎಡಗೈಯ ಗ್ಲೌಸನ್ನು ಅರ್ಧ ಜಾರಿಸಿದ್ದಳು. ಪೂರ್ತಿ ತೆಗೆದಿದ್ದರೆ ಗಾಯ ಕಂಡು ನನ್ನ ಸುಳ್ಳು ಅಲ್ಲೇ ಬಯಲು. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಅದನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ಸಂಜೆ ಗ್ಲೌಸು ತಂದು ಮೇಜಿನ ಮೇಲಿಟ್ಟಳು.

"ನಿನ್ನ ಕೆಲ್ಸ ಹೋಪುದ್ ಬೇಡ ಅಂದೇಳಿ ಸುಮ್ನಾದೆ. ನೀನ್ ಎಂತಕ್ಕೆ ಸುಳ್ಳ್ ಹೇಳ್ದೆ?"

"ಸೂಪರ್‌ವೈಸರ್ ಮಾಡ್ತೆ ಅಂದಿದ್ರ್. ನಮ್ಮ ಮದಿಗೆ ಅಂದೇಳಿ..."

"ಮದಿ ದಿನ ಹಿಡೂದ್ ಇದೇ ಕೈ ಅಲ್ದಾ ಮಾರಾಯಾ?"

ನಾನು ಗ್ಲೌಸು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ವಾರದೊಳಗೆ ಅವಳ ಗಾಯದಲ್ಲಿ ಕೀವು ತುಂಬಿತು. ಕೆಲಸ ಬಿಟ್ಟಳು. ಮುಂಬೈಯ ಚಿಕ್ಕಮ್ಮನ ಮನೆಗೆ ಹೊರಟ ದಿನ ಕುಂದಾಪುರದ ಬಸ್‌ಸ್ಟ್ಯಾಂಡಿಗೆ ಓಡಿದೆ. ಕಿಟಕಿಯ ಸರಳಿನ ಮೇಲೆ ಬ್ಯಾಂಡೇಜು ಸುತ್ತಿದ ಕೈ. ಮುಟ್ಟಲು ನನಗೇ ಧೈರ್ಯ ಬರಲಿಲ್ಲ.

"ನಿಂತ್ಕಂಬ್ಯಾ?" ಅಂದೆ.

"ಇಲ್ಲೆ, ನಾನ್ ಹೋತೆ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀನ್ ಈಗ್ಳೂ ಇದ್ದದ್ದ್ ಹೇಳ್ಲಕ್ಕ್. ನಂಗೋಸ್ಕರ ಅಲ್ಲ, ಉಳ್ದ ಹೆಂಗಸ್ರಿಗೋಸ್ಕರ."

ಬಸ್ಸು ಹೋಯಿತು.

ಸೋಮವಾರ ಬೀಗದ ಕೈಯನ್ನು ಪ್ರೇಮಾನಂದನ ಮುಂದೆ ಎಸೆದು ಉಡುಪಿಯಲ್ಲಿ ಆ ಮೇಡಂ ಅವರ ಆಫೀಸಿಗೆ ಹೋದೆ. "ಅವತ್ತು ನಾನು ಹೇಳಿದ್ದು ಸುಳ್ಳು. ಬರ್ಕೊಳ್ಳಿ," ಅಂದೆ. ಬೀರು, ಬೂದಿ, ಅವಳ ಅಂಗೈ, ಎಲ್ಲ ಹೇಳಿದೆ. ಮೇಡಂ ಬರೆಯುತ್ತಾ ಬರೆಯುತ್ತಾ ತಲೆ ಎತ್ತಿದರು.

"ಆ ಹುಡುಗಿ ನಿಮಗೆ ಏನಾಗಬೇಕು?"



"ಅವತ್ತು ಅವಳ ಕೈಗೆ ಗ್ಲೌಸು ಹಾಕಿದವನು ನಾನು, ಮೇಡಂ."