ಬೆಲ್ಟ್ ಹಾಕಿಕೊಂಡ ಹೊಲಿಗೆ ಮೆಷಿನ್

“ಬೆಲ್ಟ್ ಹಾಕ್ಕೋ ಗುಬ್ಬಿ.”

“ಬೇಡ ಮಾಮಾ. ಯೂನಿಫಾರ್ಮ್ ಸುಕ್ಕಾಗತ್ತೆ.”

ಗುಬ್ಬಿ ಹಿಂದಿನ ಸೀಟಿನ ತುದಿಯಲ್ಲಿ, ಬೆನ್ನು ಎಲ್ಲಿಗೂ ತಾಕದಂತೆ ಕುಳಿತಿದ್ದಳು. ಒಂಬತ್ತೂವರೆಗೆ ಶಾಲೆಯಲ್ಲಿ ಕ್ಲಾಸ್ ಫೋಟೊ. ಹೋದ ವರ್ಷ ಫೋಟೊ ದಿನವೇ ಜ್ವರ ಬಂದು ಮಲಗಿದ್ದಳು. ಆ ಫೋಟೊದಲ್ಲಿ ನಲವತ್ತೊಂದು ಮಕ್ಕಳಿದ್ದಾರೆ, ಇಬ್ಬರು ಟೀಚರ್ ಇದ್ದಾರೆ, ಗೇಟಿನ ಹತ್ತಿರ ಮಲಗುವ ನಾಯಿ ಕೂಡ ಇದೆ. ಗುಬ್ಬಿ ಇಲ್ಲ. ಅದಕ್ಕೇ ಈ ಸಲ ಬೆಳಿಗ್ಗೆ ಬೇಗ ಎದ್ದು ತಾನೇ ಇಸ್ತ್ರಿ ಮಾಡಿಕೊಂಡಿದ್ದಳು.

ಮಾಮ ಅಮ್ಮನ ತಮ್ಮ. ಹೊಲಿಗೆ ಮೆಷಿನ್ ರಿಪೇರಿ ಅವನ ಕೆಲಸ. ಇವತ್ತು ಅವನ ಪಕ್ಕದ ಸೀಟಿನಲ್ಲಿ ಟೈಲರಮ್ಮನ ಹಳೇ ಕಬ್ಬಿಣದ ಮೆಷಿನ್ ಕುಳಿತಿತ್ತು. ಅದನ್ನು ಹಾಗೇ ಇಟ್ಟಾಗ ಕಾರು ‘ಟಿಂಗ್ ಟಿಂಗ್’ ಎಂದು ತಲೆ ತಿಂದಿತ್ತು. ಮಾಮ ಬೆಡ್‌ಶೀಟ್ ಹೊದಿಸಿ ಮೆಷಿನ್ನಿಗೆ ಬೆಲ್ಟ್ ಬಿಗಿದ. ಕಾರಿಗೆ ಸಮಾಧಾನವಾಯಿತು.

ಸ್ಟೀರಿಂಗ್ ಹಿಂದಿನ ಪರದೆಯಲ್ಲಿ ಪುಟ್ಟ ಪುಟ್ಟ ಮನುಷ್ಯರ ಚಿತ್ರ. ಮಾಮನದು ಹಸಿರು. ಮೆಷಿನ್ನಿನದೂ ಹಸಿರು. ಗುಬ್ಬಿಯದು ಮಾತ್ರ ಕೆಂಪು.

“ಇರಲಿ ಬಿಡು. ಸ್ವಲ್ಪ ಹೊತ್ತು ಕೂಗಿ ತಾನೇ ಸುಮ್ಮನಾಗತ್ತೆ” ಎಂದ ಮಾಮ. ಅಕ್ಕನ ಮಗಳ ಮಾತಿಗೆ ಎದುರಾಡುವುದು ಅವನಿಗೆ ಗೊತ್ತೇ ಇರಲಿಲ್ಲ.

ಕಾರು ಮನೆಗೆ ಬಂದು ಹತ್ತು ದಿನವಾಗಿತ್ತು. ಆ ಹತ್ತು ದಿನವೂ ಮಾಮ ಅದರ ಗುಣಗಾನ ಮಾಡದ ಹೊತ್ತಿಲ್ಲ.

“ಮೇಲೆ ಆ ಕೆಂಪು ಬಟನ್ ಇದೆಯಲ್ಲ, ಒತ್ತಿದ್ರೆ ಸಹಾಯ ಕೇಂದ್ರಕ್ಕೆ ಫೋನ್ ಹೋಗತ್ತೆ. ಒತ್ತೋಕೆ ಆಗದಿದ್ರೂ ಚಿಂತೆ ಇಲ್ಲ. ಜೋರಾಗಿ ಗುದ್ದಿದ್ರೆ ಕಾರೇ ಫೋನ್ ಮಾಡತ್ತೆ. ಎಲ್ಲಿದ್ದೀವಿ, ಯಾವ ಕಡೆ ಹೋಗ್ತಿದ್ವಿ, ಎಷ್ಟು ಜನ ಇದ್ದೀವಿ, ಎಲ್ಲಾ ಹೇಳತ್ತೆ.”

“ಅದಕ್ಕೆ ಹೇಗೆ ಗೊತ್ತಾಗತ್ತೆ?”

“ಎಲ್ಲಿದ್ದೀವಿ ಅನ್ನೋದು ಸ್ಯಾಟಲೈಟ್‌ನಿಂದ. ಫೋನ್ ಮಾಡೋಕೆ ಕಾರೊಳಗೇ ಒಂದು ಸಿಮ್ ಇದೆ. ಎಷ್ಟು ಜನ ಅನ್ನೋದು...”

ಹೇಳುತ್ತ ಮಾಮ ಬಟನ್ ಕಡೆಗೆ ಬೆರಳು ತೋರಿಸಿದ. ಬೆರಳಿನ ಹಿಂದೆ ಕಣ್ಣೂ ಹೋಯಿತು. ಎದುರಿಗಿದ್ದ ದೀಪದ ಕಂಬ ಎಲ್ಲಿಗೂ ಹೋಗಲಿಲ್ಲ.

ದಢಾರ್ ಎಂದು ಸದ್ದಾಯಿತು. ಬಿಳಿ ಚೀಲವೊಂದು ಉಬ್ಬಿ ಮಾಮನ ಮುಖವನ್ನೇ ನುಂಗಿತು. ಗುಬ್ಬಿ ಮುಂದಿನ ಸೀಟಿಗೆ ಹಣೆ ಬಡಿದುಕೊಂಡು ಕೆಳಗಿನ ಸಂದಿಗೆ ಜಾರಿದಳು. ಬಾಯಿ ತೆರೆದಳು. ಉಸಿರೇ ಸಿಗುತ್ತಿರಲಿಲ್ಲ, ಮಾತು ಎಲ್ಲಿಂದ ಬರಬೇಕು?

ಸ್ವಲ್ಪ ಹೊತ್ತಿಗೆ ಕಾರಿನ ಸ್ಪೀಕರಿನಿಂದ ಹೆಂಗಸೊಬ್ಬಳ ದನಿ ಬಂತು.

“ಸಹಾಯ ಕೇಂದ್ರದಿಂದ ಮಾತಾಡ್ತಿದ್ದೀನಿ. ನಿಮ್ಮ ಕಾರು ಡಿಕ್ಕಿ ಹೊಡೆದಿದೆ ಅಂತ ಸಂದೇಶ ಬಂದಿದೆ. ಕೇಳಿಸ್ತಿದೆಯಾ?”

“ಹ್ಞೂಂ” ಎಂದ ಮಾಮ. ಕನ್ನಡಕ ಎಲ್ಲೋ ಹಾರಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

“ಕಾರಲ್ಲಿ ಇಬ್ಬರಿದ್ದೀರಿ. ಪಕ್ಕದ ಸೀಟಿನವರು ಮಾತಾಡ್ತಿಲ್ಲ. ಮುಟ್ಟಿ ನೋಡಿ.”

ಮಾಮ ತಡಕಾಡುತ್ತ ಬೆಡ್‌ಶೀಟಿನೊಳಗೆ ಕೈ ಹಾಕಿದ.

“ತಣ್ಣಗಿದೆ.”

ಆ ಕಡೆಯ ದನಿ ಮೆತ್ತಗಾಯಿತು. “ಸರ್, ಧೈರ್ಯ ತಗೊಳ್ಳಿ. ವಯಸ್ಸೆಷ್ಟು?”

“ನಲವತ್ತಾದ್ರೂ ಇರಬೇಕು. ಮೇಡಂ, ಇದು ಹೊಲಿಗೆ ಮೆಷಿನ್.”

“ಓ. ಹಾಗಾದ್ರೆ ನೀವೊಬ್ಬರೇ. ಒಬ್ಬರು ಅಂತ ತಿದ್ದಿದ್ದೀನಿ.”

ಒಬ್ಬರು. ಸೀಟಿನ ಕೆಳಗಿದ್ದ ಗುಬ್ಬಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಹಣೆಯ ನೋವಿಗೆ ಬಾರದ ಅಳು ಆ ಒಂದು ಮಾತಿಗೆ ಬಂತು.

“ಇಲ್ಲ, ಗುಬ್ಬಿ...” ಮಾಮ ಹಿಂದೆ ತಿರುಗಿದ. ಸೀಟು ಖಾಲಿ. “ಹಿಂದೆ ನಮ್ಮಕ್ಕನ ಮಗಳಿದ್ಲು. ಕಾಣ್ತಿಲ್ಲ.”

“ಹಿಂದೆ ಯಾರೂ ಇಲ್ಲ ಅಂತ ಬಂದಿದೆ ಸರ್.”

“ಇದ್ದೀನಿ” ಎಂದಳು ಗುಬ್ಬಿ. ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಇನ್ನೊಮ್ಮೆ ಹೇಳಿದಳು. “ನಾನೂ ಇದ್ದೀನಿ.”

“ಬೆಲ್ಟ್ ಹಾಕಿರಲಿಲ್ವಾ ಮಗು?” ಆ ದನಿ ಬೈಯಲಿಲ್ಲ. “ನನಗೆ ಬರೋದು ಬೆಲ್ಟ್‌ಗಳ ಲೆಕ್ಕ ಅಷ್ಟೇ. ಅಲ್ಲಾಡದೇ ಹಾಗೇ ಇರು. ಆಂಬುಲೆನ್ಸ್ ಹೊರಟಿದೆ. ಬರೋವರೆಗೂ ನನ್ನ ಜೊತೆ ಮಾತಾಡ್ತಿರು.”

ಗುಬ್ಬಿಯ ಹಣೆ ನಿಂಬೆಹಣ್ಣಿನಷ್ಟು ಊದಿತು. ಮಾಮನ ಮೂಗು ಅದಕ್ಕಿಂತ ದೊಡ್ಡದಾಯಿತು. ಹೊಲಿಗೆ ಮೆಷಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಮ್ಮ ಇಬ್ಬರಿಗೂ ಐಸ್ ಒತ್ತುತ್ತ, “ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ” ಎಂದಳು. ಮಾಮ ಐಸ್ ಇನ್ನಷ್ಟು ಒತ್ತಿಕೊಂಡು ಮುಖ ಮುಚ್ಚಿಕೊಂಡ.

ಮುಂದಿನ ವಾರ ಕ್ಲಾಸ್ ಫೋಟೊ ಬಂತು. ನಾಯಿ ಈ ವರ್ಷವೂ ಇತ್ತು. ಗುಬ್ಬಿ ಇರಲಿಲ್ಲ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

ಗ್ಯಾರೇಜಿನಿಂದ ಕಾರು ವಾಪಸ್ ಬಂದ ದಿನ ಮುಂದಿನ ಸೀಟಿನಲ್ಲಿ ಇನ್ನೊಂದು ಮೆಷಿನ್ ಇತ್ತು, ಬೆಲ್ಟ್ ಹಾಕಿಕೊಂಡು. ಗುಬ್ಬಿ ಹಿಂದೆ ಹತ್ತಿ, ಸೀಟಿಗೆ ಪೂರ್ತಿ ಒರಗಿ, ತನ್ನ ಬೆಲ್ಟನ್ನು ಎಳೆದಳು. ‘ಟಕ್’ ಎಂದಿತು.

“ಮಾಮಾ, ಈಗ ಎಷ್ಟು ಜನ ಅಂತ ತೋರಿಸ್ತಿದೆ?”

ಮಾಮ ಪರದೆ ನೋಡಿದ. “ಮೂರು.”

ಗುಬ್ಬಿ ಮೆಷಿನ್ನನ್ನೇ ನೋಡುತ್ತಿದ್ದಳು. ಮಾಮನೂ ನೋಡಿದ. ಆಮೇಲೆ ಇಳಿದು, ಮೆಷಿನ್ನನ್ನು ಎತ್ತಿಕೊಂಡು ಹೋಗಿ ಡಿಕ್ಕಿಯಲ್ಲಿಟ್ಟು ಬಂದ.

“ಎರಡು” ಎಂದ.

ದಾರಿಯುದ್ದಕ್ಕೂ ಮಾಮ ಏನನ್ನೂ ವಿವರಿಸಲಿಲ್ಲ. ಇಸ್ತ್ರಿ ಮಾಡಿದ ಯೂನಿಫಾರ್ಮಿನ ಮೇಲೆ ಅಡ್ಡಡ್ಡ ಸುಕ್ಕು ಬೀಳುತ್ತಿತ್ತು. ಗುಬ್ಬಿ ಅದನ್ನು ಒಮ್ಮೆ ನೋಡಿ, ಕಿಟಕಿಯ ಹೊರಗೆ ನೋಡತೊಡಗಿದಳು.