ಗುವಾಹಟಿಯಲ್ಲಿ ನಿಂತ ಕೌದಿ

"ಇವತ್ತ ಎಲ್ಲಿಗೆ ಬಂತು ನಮ್ಮ ಕೌದಿ?" ಎಂದು ಆಯಿ ಕೇಳಿದಳು.

ಪ್ರಣಿತಾ ಅವ್ವನ ಮೊಬೈಲಿನ ಮೇಲೆ ಬಾಗಿ ಕುಳಿತಿದ್ದಳು. ಮಾಳಿಗೆಯ ಮೇಲೆ ಆಷಾಢದ ಗಾಳಿ ಬೀಸುತ್ತಿತ್ತು. ಮೋಡಗಳು ಕರಜಗಿ ಊರಿನ ಮೇಲೆ ಒಂದು ಗಳಿಗೆಯೂ ನಿಲ್ಲದೆ, ಯಾರೋ ಕರೆದಂತೆ ಮೂಡಣಕ್ಕೆ ಹೋಗುತ್ತಿದ್ದವು.

ಮೊಬೈಲಿನಲ್ಲಿ ಇಂಗ್ಲಿಷಿನ ಒಂದೇ ಒಂದು ಸಾಲಿತ್ತು. ಪಾರ್ಸಲ್ ಗುವಾಹಟಿ ತಲುಪಿದೆ. ನಿನ್ನೆಯೂ ಅದೇ ಸಾಲು. ಮೊನ್ನೆಯೂ ಅದೇ.

"ಹೇಳವ್ವಾ, ಎಲ್ಲೈತಿ?"

ಪ್ರಣಿತಾ ಮೋಡಗಳ ಕಡೆ ನೋಡಿದಳು. "ದೊಡ್ಡ ಹೊಳಿ ದಾಟಾಕತ್ತೈತಿ ಆಯಿ. ಬ್ರಹ್ಮಪುತ್ರಾ. ನಮ್ಮ ಬೋರಿ ಹೊಳಿ ಹಂಗಲ್ಲ, ಆಚಿ ದಂಡೀನ ಕಾಣಾಂಗಿಲ್ಲ. ಕೌದಿ ದೋಣ್ಯಾಗ ಕುಂತೈತಿ."

"ನೀರ ಸಿಡಿತೈತೇನ?"

"ಇಲ್ಲ. ಅಂಬಿಗ ಅದರ ಮ್ಯಾಲೆ ಪ್ಲಾಸ್ಟಿಕ್ ಹೊಚ್ಚ್ಯಾನ."

ಆಯಿ ತೃಪ್ತಿಯಿಂದ ಸೂಜಿಗೆ ದಾರ ಪೋಣಿಸಿದಳು.

ಆಯಿ ಎಂದರೆ ಪ್ರಣಿತಾಳ ಅಜ್ಜಿ ಸೋನಾಬಾಯಿ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಅವಳು ಕೌದಿ ಮಾಡುತ್ತಿದ್ದಳು. ಅವ್ವ ಸುವರ್ಣಾ ಅವುಗಳ ಫೋಟೋ ತೆಗೆದು ಮೊಬೈಲಿನ ಆನ್‌ಲೈನ್ ಅಂಗಡಿಯಲ್ಲಿ ಹಾಕುತ್ತಿದ್ದಳು. ಇಲ್ಲಿಯವರೆಗೆ ಸೊಲ್ಲಾಪುರ, ಪುಣೆ ಕಡೆಯವರೇ ಕೊಂಡಿದ್ದರು. ಈ ಸಲ ಮಾತ್ರ ದೇಶದ ಇನ್ನೊಂದು ತುದಿಯಿಂದ ಆರ್ಡರ್ ಬಂದಿತ್ತು. ಶಿಲ್ಲಾಂಗಿನ ಒಬ್ಬ ಹೆಂಗಸು ಹಿಂದಿಯಲ್ಲಿ ಬರೆದಿದ್ದಳು: ಹುಟ್ಟಲಿರುವ ಕೂಸಿಗೆ ಬೇಕು, ಇಲ್ಲಿ ಬಹಳ ಚಳಿ.

ಕೂಸಿಗೆ ಎಂದು ಕೇಳಿದ್ದೇ ತಡ, ಆಯಿ ಟ್ರಂಕು ತೆರೆದು, ತೀರಿಹೋದ ಗಂಡನ, ಅಂದರೆ ಪ್ರಣಿತಾಳ ಮುತ್ಯಾನ, ಧೋತರ ಹೊರಗೆ ತೆಗೆದಿದ್ದಳು. ತೊಳೆದು ತೊಳೆದು ಅದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಅದನ್ನೇ ಒಳಪದರಿಗೆ ಹಾಸಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಚೂರು ಜೋಳ ಹಾಕಿದಳು. "ಕೌದಿ ಹೊಟ್ಟಿ ಹಸದಿರಬಾರದು. ಹಸದಿದ್ರ ಹೊಚಗೊಂಡವರಿಗೆ ನಿದ್ದಿ ಹೆಂಗ ಬರಬೇಕು?" ಎಂದಳು.

ಅವ್ವನ ಜೊತೆ ಪ್ರಣಿತಾಳೂ ಅಕ್ಕಲಕೋಟದ ಪೋಸ್ಟ್ ಆಫೀಸಿಗೆ ಹೋಗಿ ಪಾರ್ಸಲ್ ಕಳಿಸಿ ಬಂದಳು. ಅಂದಿನಿಂದ ದಿನಾ ಸಂಜೆ ಮಾಳಿಗೆಯ ಮೇಲೆ ಇದೇ ಆಟ. ಮೊಬೈಲು ಸೊಲ್ಲಾಪುರ ಎಂದರೆ ಪ್ರಣಿತಾ, "ಕೌದಿ ರೈಲಿನ್ಯಾಗ ಕಿಡಕಿ ಸೀಟ ಹಿಡಿದೈತಿ" ಎನ್ನುವಳು. ನಾಗಪುರ ಎಂದರೆ, "ಪಕ್ಕದಾಗ ಸಂತ್ರಾ ಹಣ್ಣಿನ ಬುಟ್ಟಿ ಬಂದು ಕುಂತೈತಿ, ಘಮಘಮ ಅನ್ನಾಕತ್ತೈತಿ" ಎನ್ನುವಳು. ಓದಲು ಬಾರದ ಆಯಿ ಕಣ್ಣು ಮುಚ್ಚಿ ಕೇಳುವಳು. ಅವಳ ಕೈ ಮಾತ್ರ ಹೊಲಿಯುತ್ತಲೇ ಇರುತ್ತಿತ್ತು.

ಆದರೆ ಗುವಾಹಟಿಗೆ ಬಂದ ಮೇಲೆ ಮೊಬೈಲಿನ ಸಾಲು ಮುಂದೆ ಹೋಗಲೇ ಇಲ್ಲ. ಪ್ರಣಿತಾಳ ಕತೆ ಮಾತ್ರ ನಿಲ್ಲಲಿಲ್ಲ. ಅದು ಹೊಳೆ ದಾಟಿತು. ಮರುದಿನ ಗುಡ್ಡ ಹತ್ತಿತು. ಅದರ ಮರುದಿನ ಮೋಡದೊಳಗೇ ಹೊಕ್ಕಿತು.

"ಇಷ್ಟ ದಿನ ಆತು, ಇನ್ನೂ ಯಾಕ ಮುಟ್ಟವಲ್ದು?" ಎಂದು ಆಯಿ ಒಂದು ಸಂಜೆ ಸೂಜಿ ನಿಲ್ಲಿಸಿ ಕೇಳಿದಳು. "ರಾತ್ರಿ ನನಗ ನಿದ್ದಿನ ಹತ್ತವಲ್ದವ್ವಾ. ನಿಮ್ಮ ಮುತ್ಯಾನ ಧೋತರ ಅದರಾಗ ಐತಿ."

ಆಯಿಯ ಮುಖ ನೋಡಿ ಪ್ರಣಿತಾಳಿಗೆ ಕಸಿವಿಸಿಯಾಯಿತು. ಮೊಬೈಲಿನ ಕಡೆ ನೋಡದೆಯೇ ಅವಳು ಹೇಳಿಬಿಟ್ಟಳು:

"ಮುಟ್ಟೇತಿ ಆಯಿ! ಇವತ್ತ ಮುಟ್ಟೇತಿ. ಪೋಸ್ಟ್‌ಮನ್ ಛತ್ರಿ ಹಿಡಕೊಂಡು ಹೋಗಿ ಕೊಟ್ಟಾನ. ಕೂಸು ಹುಟ್ಟೇತಿ. ಅದರಾಗ ಮಲಗೇತಿ."

"ಹೆಣ್ಣೋ ಗಂಡೋ?"

"ಹೆಣ್ಣು."

ಆಯಿ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದಳು. ಬೆಳಗಾಗುವುದೇ ತಡ, ಓಣಿಯಲ್ಲಿ ಎಲ್ಲರ ಕೈಗೂ ಚೂರು ಬೆಲ್ಲ ಕೊಟ್ಟು ಬಂದಳು.

*

ರವಿವಾರ ಮಧ್ಯಾಹ್ನ ಅವ್ವ ಪಡಸಾಲೆಗೆ ಬಂದು ತಟ್ಟನೆ ಕುಳಿತಳು. ಕೈಯಲ್ಲಿ ಮೊಬೈಲು.

"ಅತ್ತಿ, ಶಿಲ್ಲಾಂಗಿನಾಕಿ ಅಂಗಡಿಗೆ ಕಂಪ್ಲೇಂಟ್ ಮಾಡ್ಯಾಳ್ರಿ. ಪಾರ್ಸಲ್ ಬಂದಿಲ್ಲಂತ. ರೊಕ್ಕ ವಾಪಸ್ ಕೊಡ್ರಿ ಅಂತ."

"ಬಂದಿಲ್ಲಂತ?" ಆಯಿ ಎದ್ದು ನಿಂತಳು. "ಎಂಥಾ ಹೆಂಗಸು ಅಕಿ! ಕೂಸಿನ್ನ ಅದರಾಗ ಮಲಗಿಸ್ಯಾಳ, ಮತ್ತ ಬಂದಿಲ್ಲ ಅಂತಾಳ? ನಾವೇನ ಕಳ್ಳರೇನು?"

"ನೀವು ಮುಟ್ಟೇತಿ ಅಂದ್ರಲ್ಲ, ಪೋಸ್ಟಿನ್ಯಾಗ ಹಂಗ ತೋರಿಸೇತಿ ಅಂದ್ಕೊಂಡೆ ನಾನೂ" ಎಂದಳು ಅವ್ವ. ಅವಳ ಕಿವಿ ಕೆಂಪಗಾಗಿತ್ತು. "ತಡೀರಿ, ಬರೀತೀನಿ ಅಕಿಗೆ."

"ಬರಿ. ಸುಳ್ಳಿ ಅಂತ ಬರಿ!"

ಅವ್ವನ ಹೆಬ್ಬೆರಳು ಟಕಟಕ ಓಡಿತು. 'ಆಪ್ ಝೂಟ್ ಬೋಲ್ ರಹೀ ಹೋ' ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆದಳು. ನೀವು ಸುಳ್ಳು ಹೇಳುತ್ತಿದ್ದೀರಿ.

ಪ್ರಣಿತಾ ಕಂಬ ಹಿಡಿದು ನಿಂತಿದ್ದಳು. ಅವಳು ಮಾಡಿದ ಕತೆಯಲ್ಲಿ ಶಿಲ್ಲಾಂಗಿನ ಹೆಂಗಸಿಗೆ ಉದ್ದ ಜಡೆ ಇತ್ತು, ನಗುವ ಕಣ್ಣುಗಳಿದ್ದವು. ಈಗ ಆ ಹೆಂಗಸು ಎಲ್ಲೋ ಒಂದು ಬಾಗಿಲಲ್ಲಿ ಬರಿಗೈಯಲ್ಲಿ ನಿಂತು, ದಾರಿ ನೋಡಿ ನೋಡಿ ಮೊಬೈಲು ತೆರೆದು, ಈ ಮಾತು ಓದುವ ಹಾಗೆ ಕಂಡಿತು.

"ಅವ್ವಾ, ಕಳಿಸಬ್ಯಾಡ!"

"ಯಾಕ?"

"ಮುಟ್ಟಿಲ್ಲ ಅದು." ಅವಳ ದನಿ ಸಣ್ಣಗಾಯಿತು. "ಗುವಾಹಟಿಯಾಗಽ ಐತಿ. ಮುಂದಿಂದು ನಾನಽ ಕಟ್ಟಿ ಹೇಳೀನಿ. ಆಯಿಗೆ ನಿದ್ದಿ ಬರವಲ್ದು ಅಂದ್ಲು, ಅದಕ್ಕ..."

ಅವ್ವ ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದಳು.

ಆಯಿ ನಿಧಾನವಾಗಿ ಕೆಳಗೆ ಕುಳಿತಳು. "ದೋಣಿ?"

ಪ್ರಣಿತಾ ಇಲ್ಲವೆಂದು ತಲೆಯಾಡಿಸಿದಳು.

"ಕೂಸು?"

"ಹುಟ್ಟೇತೋ ಇಲ್ಲೋ ನನಗ ಗೊತ್ತಿಲ್ಲ ಆಯಿ."

ಆಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದುಕೊಂಡಳು ಪ್ರಣಿತಾ. ಆಯಿ ಗೋಡೆಗೆ ಒರಗಿ, "ಇಡೀ ಓಣಿಗೆ ಬೆಲ್ಲ ಹಂಚಿ ಬಂದೀನಲ್ಲವ್ವಾ" ಎಂದಳು, ಅಷ್ಟೇ.

ಅವ್ವ ಅಂಗಡಿಯ ಸಂದೇಶವನ್ನು ಮತ್ತೊಮ್ಮೆ ಓದಿದಳು. "ನಾವು ಖರೇನ ಕಳಿಸೀವಿ ಅಂತ ಪುರಾವಾ ಕೇಳ್ಯಾರ. ಪೋಸ್ಟಿನ ರಸೀದಿ ಫೋಟೋ ಹಾಕಿದ್ರ ಸಾಕಂತ. ಪಾರ್ಸಲ್ ದಾರಿಯಾಗ ಕಳದ್ರೂ ನಮ್ಮ ರೊಕ್ಕಕ್ಕ ಧಕ್ಕಾ ಇಲ್ಲ. ನಾಳಿ ಸಂಜಿ ಒಳಗ ಹಾಕಬೇಕು. ಇಲ್ಲಂದ್ರ ಅವರ ಅಂಗಡ್ಯಾಗ ನಮ್ಮ ಮಾರಾಟ ಬಂದ್ ಮಾಡ್ತಾರ. ರಸೀದಿ ಎಲ್ಲೈತ್ರಿ ಅತ್ತಿ?"

ರಸೀದಿ ದೇವರ ಜಗಲಿಯ ಮೇಲಿತ್ತು. ಸುಖವಾಗಿ ಮುಟ್ಟಲಿ ಎಂದು ಆಯಿಯೇ ಅದಕ್ಕೆ ಕುಂಕುಮ ಹಚ್ಚಿ, ದೀಪದ ಬುಡದಲ್ಲಿ ಇಟ್ಟಿದ್ದಳು. ಅವ್ವ ಅದನ್ನು ತೆಗೆದು ಬೆಳಕಿಗೆ ಹಿಡಿದಳು. ದೀಪದ ಕಾವಿಗೆ ಕಾಗದವೆಲ್ಲ ಕಪ್ಪಾಗಿತ್ತು. ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

*

ಮರುದಿನ ಬೆಳಗಿನ ಎಸ್‌ಟಿ ಬಸ್ಸಿನಲ್ಲಿ ಮೂವರೂ ಅಕ್ಕಲಕೋಟಕ್ಕೆ ಹೊರಟರು. ಕಪ್ಪಾದ ರಸೀದಿಯನ್ನು ಆಯಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ತೊಗರಿ ಆಗಷ್ಟೇ ಮೊಳೆತಿತ್ತು. ಮೋಡದ ನೆರಳುಗಳು ಬಸ್ಸಿನ ಜೊತೆ ಓಡಿ ಬಂದು, ಒಮ್ಮೆಲೆ ಹಿಂದೆ ಉಳಿಯುತ್ತಿದ್ದವು. ಬೇರೆ ದಿನವಾಗಿದ್ದರೆ ಆ ನೆರಳುಗಳ ಮೇಲೆ ಪ್ರಣಿತಾ ಒಂದು ಕತೆ ಕಟ್ಟುತ್ತಿದ್ದಳು. ಇವತ್ತು ಬಾಯಿ ಮುಚ್ಚಿ ಕುಳಿತಳು.

ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ತುಕಾರಾಮ ಎಂಬ ಮರಾಠಿ ಗುಮಾಸ್ತರಿದ್ದರು. ಕಪ್ಪು ಕಾಗದವನ್ನು ಆಚೀಚೆ ತಿರುಗಿಸಿ, "ಹೇ ಕಾಯ್ ಝಾಲಂ? ಇದೇನ ಆತ್ರಿ ಇದಕ್ಕ?" ಎಂದರು.

"ದೇವರ ಮುಂದ ಇಟ್ಟಿದ್ದೆಪ್ಪಾ" ಎಂದಳು ಆಯಿ.

"ಈ ಕಾಗದ ಕಾವು ತಾಳಾಂಗಿಲ್ಲ ಆಯಿ. ಪಾರ್ಸಲ್ ನಂಬರ್ ಐತೇನು?"

"ಮೊಬೈಲಿನ್ಯಾಗ ಐತ್ರಿ" ಎಂದು ಅವ್ವ ಮುಂದೆ ಹಿಡಿದಳು.

"ಹಂಗಿದ್ರ ಆತು. ಬುಕಿಂಗ್ ಮಾಡಿದ್ದು ನಮ್ಮ ಹತ್ರ ಇರತೈತಿ. ಪ್ರಿಂಟ್ ತೆಗದು ಸಿಕ್ಕಾ ಹೊಡದು ಕೊಡ್ತೀನಿ. ಮೊದಲ ಒಂದೀಟು ಕೇಳ್ಬೇಕು." ಅವರು ಕೌಂಟರಿನ ಅಂಚಿಗೆ ಗಲ್ಲವಿಟ್ಟು ನಿಂತಿದ್ದ ಪ್ರಣಿತಾಳನ್ನು ನೋಡಿದರು. "ಅವತ್ತ ನೀನೂ ಬಂದಿದ್ದಿ ಅಲ್ಲ ತಂಗಿ? ಹೇಳು, ಏನ ಕಳಿಸಿದ್ರಿ?"

"ಕೌದಿ, ಸರ್. ಕೂಸಿಂದು."

"ಎಲ್ಲಿಗೆ?"

"ಶಿಲ್ಲಾಂಗಿಗೆ."

"ಎಲ್ಲಿತನಕ ಹೋಗೇತಿ?"

ಪ್ರಣಿತಾಳ ಕಣ್ಣ ಮುಂದೆ ಅಗಲವಾದ ಹೊಳೆ ಮಿಂಚಿತು. ದೋಣಿ ಅಲ್ಲಾಡಿತು. ಮಂಜಿನೊಳಗೆ ಒಂದು ಛತ್ರಿ ಮೇಲೆ ಮೇಲೆ ಹತ್ತಿ ಹೋಯಿತು. ಆಯಿ ತನ್ನನ್ನೇ ನೋಡುತ್ತಿದ್ದಾಳೆಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು.

"ಗುವಾಹಟಿತನಕ, ಸರ್. ಅಲ್ಲಿಂದ ಮುಂದ ನನಗ ಗೊತ್ತಿಲ್ಲ."

"ಬರೋಬ್ಬರಿ" ಎಂದರು ತುಕಾರಾಮ ಅವರು, ಕಂಪ್ಯೂಟರಿನಲ್ಲಿ ಹುಡುಕುತ್ತ. "ಇಲ್ಲಿನೂ ಅಷ್ಟಽ ಬಂದೈತಿ. ಆ ಕಡೆ ಮಳಿ ಭಾಳ ಐತಂತ. ಗುಡ್ಡ ಜರದು ರಸ್ತಾ ಬಂದ್ ಆಗೇತಿ. ರಸ್ತಾ ಬಿಟ್ಟ ಕೂಡ್ಲೆ ಹೋಗತೈತಿ."

ಧಪ್ ಎಂದು ಮುದ್ರೆ ಬಿತ್ತು. ಅವ್ವ ಅಲ್ಲಿಯೇ ಕಿಟಕಿಯ ಬೆಳಕಿನಲ್ಲಿ ಕಾಗದದ ಫೋಟೋ ತೆಗೆದು ಅಂಗಡಿಗೆ ಕಳಿಸಿದಳು. ಆಮೇಲೆ ಮೊಬೈಲನ್ನು ಮಗಳ ಕೈಗೆ ಕೊಟ್ಟಳು. "ಶಿಲ್ಲಾಂಗಿನಾಕಿಗೆ ನೀನಽ ಬರಿ. ನಿನ್ನ ಹಿಂದಿ ಚಲೋ ಐತಿ."

ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಪ್ರಣಿತಾ ಬರೆದಳು. ನಾವು ಕೌದಿ ಕಳಿಸಿದ್ದೇವೆ, ಇದು ಅದರ ಕಾಗದ. ಅದು ಗುವಾಹಟಿಯಲ್ಲಿದೆ. ರಸ್ತೆ ಮುಚ್ಚಿದೆಯಂತೆ. ಯಾವಾಗ ಬರುತ್ತದೋ ನಮಗೆ ಗೊತ್ತಿಲ್ಲ. ಅಷ್ಟು ಬರೆದು ನೋಡಿದಳು. ಬಹಳ ಗಿಡ್ಡ ಕತೆ. ಆದರೂ ಅದನ್ನೇ ಕಳಿಸಿದಳು.

ಊರಿಗೆ ಮರಳುವ ಬಸ್ಸಿನಲ್ಲಿ ಅಂಗಡಿಯಿಂದ ಉತ್ತರ ಬಂತು. ಪುರಾವೆ ಸಿಕ್ಕಿದೆ, ನಿಮ್ಮ ಹಣಕ್ಕೆ ತೊಂದರೆಯಿಲ್ಲ, ಮಾರಾಟ ಮುಂದುವರಿಸಬಹುದು. ಅವ್ವ ಉಸಿರು ಬಿಟ್ಟು ಸೀಟಿಗೆ ತಲೆ ಆನಿಸಿದಳು. ಸ್ವಲ್ಪ ಹೊತ್ತಿಗೆ ಶಿಲ್ಲಾಂಗಿನಿಂದಲೂ ಒಂದು ಸಾಲು ಬಂತು: ಇನ್ನು ಸ್ವಲ್ಪ ದಿನ ಕಾಯುತ್ತೇನೆ.

"ಅಲ್ಲಿ ಮಳಿಯಾಗ ತೋಯ್ತಿರಬಹುದೇನು ಅದು?" ಎಂದಳು ಆಯಿ, ಹೊರಗೆ ನೋಡುತ್ತ.

ಪ್ರಣಿತಾಳ ನಾಲಗೆಯ ತುದಿಗೆ ಪ್ಲಾಸ್ಟಿಕ್ ಹೊದಿಸುವ ಅಂಬಿಗ ಬಂದು ನಿಂತ. ಅವಳು ಅವನನ್ನು ತಡೆದಳು. "ಗೊತ್ತಿಲ್ಲ ಆಯಿ."

ಆಯಿ ಹೂಂ ಎಂದು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಇಬ್ಬರೂ ಗೊತ್ತಿಲ್ಲದ ಆ ಊರನ್ನು ನೆನೆಯುತ್ತ ಕುಳಿತರು.

*

ಹಲವು ದಿನಗಳಾದ ಮೇಲೆ ಒಂದು ಸಂಜೆ ಮೊಬೈಲಿನ ಸಾಲು ಬದಲಾಯಿತು.

"ಆಯಿ, ಮುಟ್ಟೇತಿ!" ಎಂದು ಪ್ರಣಿತಾ ಮಾಳಿಗೆಗೆ ಓಡಿ ಬಂದಳು.

ಆಯಿ ತಲೆ ಎತ್ತಿದಳು. "ಮೊಬೈಲ್ ಹೇಳತೈತೋ, ನೀ ಹೇಳ್ತಿಯೋ?"

ಪ್ರಣಿತಾಳ ಮುಖ ಬಾಡಿತು. ಅವಳು ಸುಮ್ಮನೆ ಕೆಳಗೆ ಹೋಗಿ ಅವ್ವನನ್ನು ಕರೆತಂದಳು. ಅವ್ವ ನೋಡಿ, "ಖರೇ ಅತ್ತಿ, ಮುಟ್ಟೇತ್ರಿ" ಎಂದ ಮೇಲೆಯೇ ಆಯಿ ನಕ್ಕಳು.

ಮರುದಿನ ಶಿಲ್ಲಾಂಗಿನಿಂದ ದನಿ ರೆಕಾರ್ಡ್ ಮಾಡಿದ ಒಂದು ಮೆಸೇಜ್ ಬಂತು. ಹಿಂದಿ ತಿಳಿಯದ ಆಯಿ ಮೊಮ್ಮಗಳ ಬಾಯಿ ನೋಡುತ್ತ ಕುಳಿತಳು.

"ಕೌದಿ ಭಾಳ ಮೆತ್ತಗ ಐತಂತ" ಎಂದು ಪ್ರಣಿತಾ ಶುರು ಮಾಡಿದಳು. ಮುಂದಿನ ಮಾತು ಬಂದಾಗ ತಡವರಿಸಿದಳು. ಅದನ್ನು ಬಿಟ್ಟುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಒಂದ ಅಂಚು ಮಳಿಗೆ ತೋಯ್ದಿತ್ತಂತ ಆಯಿ. ಒಲಿ ಮುಂದ ಹಿಡದು ಒಣಗಿಸ್ಯಾಳಂತ. ಕೂಸು ಇನ್ನೂ ಹುಟ್ಟಿಲ್ಲಂತ. ಮುಂದಿನ ತಿಂಗಳಂತ."

ಆಯಿಯ ಕೈ ತಾನಾಗಿ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಸವರಿತು. "ಒಣಗಿಸ್ಯಾಳಲ್ಲ" ಎಂದಳು. "ಚಲೋ ಹೆಂಗಸು ಅಕಿ."

ಆ ಹೆಂಗಸಿನ ಮಾತು ಮುಗಿದಿತ್ತು. ಮೆಸೇಜ್ ಮಾತ್ರ ಇನ್ನೂ ಮುಗಿದಿರಲಿಲ್ಲ. ಮೊಬೈಲಿನೊಳಗಿಂದ ಮೃದುವಾದ, ಎಡೆಬಿಡದ ಒಂದು ಸದ್ದು ಬರುತ್ತಲೇ ಇತ್ತು.

"ಅದೇನು ಸಪ್ಪಳ?"

"ಮಳಿ, ಆಯಿ. ಅಲ್ಲಿ ಮಳಿ ಬರಾಕತ್ತೈತಿ."

"ಇನ್ನೊಮ್ಮೆ ಹಚ್ಚು. ಮಾತು ಬ್ಯಾಡ. ಮಳಿ ಅಷ್ಟಽ."

ಪ್ರಣಿತಾ ಮೊಬೈಲನ್ನು ಇಬ್ಬರ ನಡುವೆ ಇಟ್ಟಳು. ಯಾವುದೋ ತಗಡಿನ ಮೇಲೆ, ಯಾವುದೋ ಎಲೆಗಳ ಮೇಲೆ ಮಳೆ ಸುರಿಯುತ್ತಿತ್ತು. ಅವಳು ಅದರ ಮೇಲೆ ಒಂದು ಮಾತನ್ನೂ ಇಡಲಿಲ್ಲ. ಆಯಿ ಕಣ್ಣು ಮುಚ್ಚಿದಳು. ಪ್ರಣಿತಾಳೂ ಕಣ್ಣು ಮುಚ್ಚಿ, ಆ ಮಳೆಯನ್ನು ಅದು ಬಂದ ಹಾಗೆಯೇ ಕೇಳಿದಳು.