ಹುಬ್ಬಳ್ಳಿಯಿಂದ ಬರಬೇಕಾದ ಫ್ಯಾನು

"ನಾಹೀದಾ ಅವರೇನ್ರಿ? ನಿಮ್ಮ ಹತ್ರ ಹೈಬ್ರಿಡ್ ಕ್ರಾಸ್ ಐತಂತಲ್ರಿ?" ಎಂದಿತು ಫೋನಿನಲ್ಲಿ ಒಂದು ಗಂಡು ದನಿ.

ಕುಷ್ಟಗಿಯಲ್ಲಿ ಇಂಥ ಫೋನು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಕಡೆ ಹೈಬ್ರಿಡ್ ಎಂದರೆ ಬೀಜ. ಕ್ರಾಸ್ ಎಂದರೆ ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಿಸುವ ಕೆಲಸ. ನನ್ನ ಅನ್ನವೂ ಅದರಲ್ಲೇ ಇದೆ. ಒಂದು ಬೀಜದ ಕಂಪನಿಗಾಗಿ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಟೊಮ್ಯಾಟೊ ಪ್ಲಾಟು ನೋಡಿಕೊಳ್ಳುತ್ತೇನೆ.

"ಐತ್ರಿ. ಹೆಣ್ಣು ಎಷ್ಟು ಸಾಲು ಹಚ್ಚೀರಿ?" ಎಂದೆ.

ಉತ್ತರಕ್ಕೆ ಕಾಯದೆ ನಾನೇ ಮುಂದುವರಿಸಿದೆ.

"ಗಂಡು ನಿಮ್ಮ ಕಡೆ ಅದಾವೋ, ನಾವ ಕೊಡಬೇಕೋ?"

"ಗಂಡು… ನಾನೊಬ್ಬನ ಅದೀನ್ರಿ," ಎಂದಿತು ದನಿ, ಬಹಳ ಮರ್ಯಾದೆಯಿಂದ.

ಆಮೇಲೆ ಗೊತ್ತಾಯಿತು. ಮಾತು ಬೀಜದ್ದಲ್ಲ, ಗಾಡಿಯದು. ನನ್ನ ಚಾಚಾ ಮಕ್ಬುಲಸಾಬರು ಹೈದರಾಬಾದಿನಲ್ಲಿ ನನಗೊಂದು, ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ, ಹಳೆಯ ಹೈಬ್ರಿಡ್ ಕ್ರಾಸ್‌ಓವರ್ ಕಾರು ಕೊಡಿಸಿದ್ದರು. ಅದನ್ನೊಮ್ಮೆ ನೋಡು ಎಂದು ಹೈವೇ ಪಕ್ಕದ ಗ್ಯಾರೇಜಿನ ಸೊಹೇಲನಿಗೆ ನನ್ನ ನಂಬರು ಕೊಟ್ಟು ಸುಮ್ಮನಾಗಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ, ಅಷ್ಟು ಮರ್ಯಾದೆಯಿಂದ ಹಾಗಂದವನ ಮುಖ ನೋಡಲೇಬೇಕು ಅನಿಸಿತು.

ಮುಖ ಚೆನ್ನಾಗಿಯೇ ಇತ್ತು. ಗಾಡಿಯ ಕೆಳಗಿನಿಂದ ಹೊರಬಂದವನು ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದ. ಕಿವಿಯ ತುದಿ ಕೆಂಪಾಯಿತು.

"ಗಂಡು ಇನ್ನೂ ಒಬ್ಬರ ಅದೀರೇನ್ರಿ?" ಎಂದೆ.

"ಸದ್ಯಕ್ಕ ಹೌದ್ರಿ," ಎಂದು ಬಾನೆಟ್ಟಿನೊಳಗೆ ತಲೆ ಹಾಕಿದ. ಬಾನೆಟ್ಟಿನೊಳಗೆ ನಗುತ್ತಿದ್ದಾನೆ ಎಂದು ಅವನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಗಾಡಿಯ ಮಾತಿಗೆ ಬಂದರೆ ಮಾತ್ರ ಅವನಿಗೆ ಸಂಕೋಚವೇ ಇಲ್ಲ. ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದವನು, ನೀರು ಕುಡಿದಷ್ಟು ಸಲೀಸಾಗಿ ಹೇಳಿದ. "ಎಂಜಿನ್ ಛಲೋ ಐತಿ. ಆದ್ರ ಹಳೇ ಹೈಬ್ರಿಡ್ ತಗೊಂಡವರು ನಾಕು ಮಾತು ಕೇಳಬೇಕ್ರಿ. ಸಣ್ಣ ಬ್ಯಾಟರಿ ಒಂದೈತಿ, ಗಾಡಿ ನಿಂತಲ್ಲೇ ನಿಂತ್ರ ಅದು ಸಾಯ್ತೈತಿ. ಏಳೆಂಟು ಸಾವಿರ. ಇನ್ವರ್ಟರ್ ತಂಪು ಮಾಡೋ ನೀರಿನ ಪಂಪು ಹೋದ್ರ ಹನ್ನೆರಡು, ಹದಿನೈದು. ಯಲಬುರ್ಗಾದ ಹಳ್ಳಿ ರೋಡಿನಾಗ ತಿರುಗ್ತೀರಿ, ಮುಂದಿನ ಗಾಲಿಯ ರಬ್ಬರ್ ಬುಶ್ ಸವೆಯೋದು ಗ್ಯಾರಂಟಿ."

"ದೊಡ್ಡ ಬ್ಯಾಟರಿ?"

"ಅದು ಹೋದ್ರ ಒಂದೂವರಿ, ಎರಡು ಲಕ್ಷ. ಆದ್ರ ಸುಮ್ನ ಹೋಗಂಗಿಲ್ರಿ. ಉಸಿರಾಡಾಕ ಬಿಟ್ರ ಭಾಳ ವರ್ಷ ಬಾಳ್ತೈತಿ."

"ಹಂಗಾರ ಹೆಂಗಸರ ಹಂಗ ಅನ್ರಿ."

ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನನ್ನ ಕಡೆ ನೋಡಿದ. ಈ ಸಲ ಕಿವಿ ಕೆಂಪಾಗಲಿಲ್ಲ. ಕಣ್ಣು ನಿಧಾನವಾಗಿ ಅರಳಿತು, ಕೆಳಗಿಳಿಯಿತು, ಮತ್ತೆ ನನ್ನ ಮೇಲೆಯೇ ಬಂದು ನಿಂತಿತು. ನಾನು ಕೀಲಿ ತೆಗೆದುಕೊಂಡು ಹೊರಟೆ. ಆದರೆ ಆ ನೋಟ ನನ್ನ ಜೊತೆಗೇ ಗಾಡಿ ಹತ್ತಿತ್ತು.

ನನ್ನನ್ನು ಸಾಕಿದವಳು ನಮ್ಮ ಫುಪ್ಪಿ, ಅಪ್ಪನ ಅಕ್ಕ ಕಾಸೀಮಬೀ. ಅವಳು ಅದೇ ಹೊತ್ತಿಗೆ ಕಾರಟಗಿಯಿಂದ ಒಂದು ಸಂಬಂಧ ತಂದಿದ್ದಳು. ಅಕ್ಕಿ ವ್ಯಾಪಾರದ ಮನೆ, ಒಳ್ಳೆಯ ಜನ. ಒಂದೇ ಷರತ್ತು, ಮದುವೆಯಾದ ಮೇಲೆ ಹುಡುಗಿ ಹೊಲ ತಿರುಗುವಂತಿಲ್ಲ. ಭಾನುವಾರ ಹುಡುಗಿ ನೋಡಿ ಮಾತು ಮುಗಿಸಲು ಬರುವವರಿದ್ದರು.

"ಬ್ಯಾಡ ಅಂದ್ರ ಬ್ಯಾಡ ಅನ್ನು," ಎಂದಳು ಫುಪ್ಪಿ. "ಆದ್ರ ಬ್ಯಾರೆ ಹೆಸರು ಹೇಳು. ಬರೀ ಬ್ಯಾಡ ಅನ್ನೋದು ನಾ ಕೇಳಂಗಿಲ್ಲ."

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹೆಸರಿನವನ ಮನಸ್ಸಿನಲ್ಲಿ ಏನಿದೆ? ಕಣ್ಣು ಸಾವಿರ ಹೇಳುತ್ತಿತ್ತು, ಬಾಯಿ ಬರೀ ಬುಶ್ಶು, ಪಂಪು ಎನ್ನುತ್ತಿತ್ತು. ಕಣ್ಣಿನ ಮಾತು ನಂಬಿ ಫುಪ್ಪಿಯ ಮುಂದೆ ಹೆಸರು ಹೇಳುವಷ್ಟು ಹುಚ್ಚಿ ನಾನಲ್ಲ.

ಅಷ್ಟರಲ್ಲಿ ಒಂದು ಸಂಜೆ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಹೊತ್ತಿಕೊಂಡಿತು. ಗ್ಯಾರೇಜಿನಲ್ಲಿ ಬಿಟ್ಟು ಬಂದೆ. ರಾತ್ರಿಯೆಲ್ಲ ತಲೆಯಲ್ಲಿ ಎರಡು ಲಕ್ಷವೇ ಕುಣಿಯಿತು. ಬೆಳಗಾಗುವ ಮೊದಲೇ ಬಾಗಿಲಲ್ಲಿ ಸೊಹೇಲನ ಹಳೆಯ ಜೀಪು ನಿಂತಿತ್ತು.

"ಹೊಲಕ್ಕ ಹೆಂಗ ಹೋಗ್ಲಿ ಈಗ?" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಲ್ಲಿ ಬೇರೆಯದೇ ಮಾತು ಬಂತು.

"ದೊಡ್ಡ ಬ್ಯಾಟರಿಗೆ ಏನೂ ಆಗಿಲ್ರಿ, ಚಿಂತಿ ಬಿಡ್ರಿ. ಹುಬ್ಬಳ್ಳಿಯಿಂದ ಒಂದು ಫ್ಯಾನ್ ಬರಬೇಕು. ಅಲ್ಲೀತನಕ ನಾ ಬಿಡ್ತೀನಿ."

ಆ ವಾರದ ಬೆಳಗುಗಳನ್ನು ನಾನು ಯಾರಿಗೂ ಕೊಡುವುದಿಲ್ಲ. ಟೊಮ್ಯಾಟೊ ಹೂವು ಬಿಸಿಲೇರುವ ತನಕ ಕಾಯುವುದಿಲ್ಲ. ಹಾಗಾಗಿ ನಸುಕಿನಲ್ಲೇ ಹೊರಡುತ್ತಿದ್ದೆವು. ಮೊದಲು ಗಂಡು ಗಿಡಗಳ ಪ್ಲಾಟಿನಲ್ಲಿ ಡಬ್ಬಿಗೆ ಪುಡಿ ತುಂಬಿಸಿಕೊಂಡು, ಅಲ್ಲಿಂದ ಉಳಿದ ಹಳ್ಳಿಗಳಿಗೆ. ಡಬ್ಬಿಗಳು ನನ್ನ ತೊಡೆಯ ಮೇಲೆ. ಜೀಪು ಕುಣಿದಾಗಲೆಲ್ಲ ಅವನ ಎಡಗೈ ಡಬ್ಬಿ ಹಿಡಿಯಲು ಬರುತ್ತಿತ್ತು, ಮುಟ್ಟುವ ಮೊದಲೇ ಗೇರಿಗೆ ವಾಪಸು ಹೋಗುತ್ತಿತ್ತು.

"ರೋಡ್ ನೋಡ್ರಿ," ಎನ್ನುತ್ತಿದ್ದೆ.

"ರೋಡ್ ಎಲ್ಲೈತ್ರಿ ನೋಡಾಕ?" ಎನ್ನುತ್ತಿದ್ದ.

ಆ ಹಾಳು ರಸ್ತೆಗಳ ಮೇಲೆ ನನಗೆ ಪ್ರೀತಿ ಹುಟ್ಟಿತು. ಜೀಪು ಓಡಿಸುವವನ ಮೇಲೆ ಮೊದಲೇ ಹುಟ್ಟಿತ್ತು. ಆದರೆ ಭಾನುವಾರ ಹತ್ತಿರ ಬಂದರೂ ಅವನು ಗಾಡಿ ಬಿಟ್ಟು ಬೇರೆ ಮಾತಾಡಲಿಲ್ಲ.

ಶುಕ್ರವಾರ ಮಧ್ಯಾಹ್ನ ನಾನೇ ಗ್ಯಾರೇಜಿಗೆ ಹೋದೆ. ಏನಾದರಾಗಲಿ, ಇವತ್ತು ಕೇಳಿಯೇ ಬಿಡುವುದು ಎಂದುಕೊಂಡಿದ್ದೆ. ಶಟರು ಅರ್ಧ ಇಳಿದಿತ್ತು, ನಮಾಜಿಗೆ ಹೋಗಿದ್ದಾನೆ ಅಂದುಕೊಂಡು ಬೇವಿನ ನೆರಳಲ್ಲಿ ನಿಂತೆ. ಹಿಂದೆ ಎಂಜಿನ್ನಿನ ಸದ್ದೇ ಇಲ್ಲದೆ ಗಾಲಿಯ ಕೆಳಗೆ ಹರಳುಕಲ್ಲು ನುರಿದ ಸದ್ದು. ತಿರುಗಿದರೆ ನನ್ನ ಬಿಳಿ ಗಾಡಿ, ಬರೀ ಬ್ಯಾಟರಿಯ ಬಲದಲ್ಲೇ ತಣ್ಣಗೆ ಬಂದು ನಿಂತಿತು. ಸ್ಟೇರಿಂಗಿನ ಹಿಂದೆ ಬಿಳಿ ಕುರ್ತಾ ಹಾಕಿದ ಸೊಹೇಲ. ಕೆಂಪು ತ್ರಿಕೋನವೂ ಇರಲಿಲ್ಲ.

"ಫ್ಯಾನ್ ಬಂತೇನ್ರಿ?" ಎಂದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಷ್ಟು ದಿನ ನಡೆದಿತ್ತು. ಈಗ ಅವನು ಕಣ್ಣು ಬಿಟ್ಟ.

"ಫ್ಯಾನ್ ಕೆಟ್ಟಿರಲಿಲ್ರಿ," ಎಂದು ಕೆಳಗಿಳಿದು ಹಿಂದಿನ ಬಾಗಿಲು ತೆರೆದ. ಸೀಟಿನ ಪಕ್ಕದ ಜಾಲರಿ ತೋರಿಸಿದ. "ದೊಡ್ಡ ಬ್ಯಾಟರಿ ಇಲ್ಲಿಂದ ಉಸಿರಾಡ್ತೈತಿ. ಇದಕ್ಕ ಯಾರೋ ಗಟ್ಟಿಯಾಗಿ ಟೇಪ್ ಹಚ್ಚಿದ್ರು."

ಯಾರೋ ಅಲ್ಲ, ನಾನೇ. ಪುಡಿಯ ಡಬ್ಬಿಗಳನ್ನು ಆ ಸೀಟಿನ ಮೇಲೆ ಇಡುತ್ತಿದ್ದೆ. ಜಾಲರಿ ಗಾಳಿ ಎಳೆಯುತ್ತಿತ್ತು. ಪುಡಿ ಹಾರಿ ಒಂದು ತಳಿಯದು ಇನ್ನೊಂದಕ್ಕೆ ಬೆರೆತರೆ ಇಡೀ ಪ್ಲಾಟು ಹಾಳು. ಹೂವಿಗೆ ಹೊರಗಿನ ಗಾಳಿ ತಾಗದ ಹಾಗೆ ಕಾಗದ ಸುತ್ತಿ ಸುತ್ತಿ ನನ್ನ ಕೈಗೆ ಅದೇ ರೂಢಿ. ಜಾಲರಿಯನ್ನೂ ಹೂವಿನ ಹಾಗೆಯೇ ಮುಚ್ಚಿದ್ದೆ.

"ಹೈಬ್ರಿಡ್‌ನ ನೀವು ಹೈಬ್ರಿಡ್ ಹಂಗ ನೋಡ್ಕೊಂಡೀರಿ," ಎಂದ. ಇಬ್ಬರೂ ನಕ್ಕೆವು. ನಗು ಮುಗಿಯುವ ಮೊದಲೇ ನನಗೆ ಸಿಟ್ಟು ಬಂತು.

"ಟೇಪ್ ಕಿತ್ತಿದ್ದು ಯಾವಾಗ?"

"ಬಿಟ್ಟು ಹೋದ ಸಂಜೀನ."

"ಮತ್ತ ಇಷ್ಟು ದಿನ ನನ್ನ ಗಾಡಿ ಯಾಕ ಇಟ್ಕೊಂಡ್ರಿ?"

"ನಿಂತ್ರ ಸಣ್ಣ ಬ್ಯಾಟರಿ ಸಾಯ್ತೈತಂತ ದಿನಾ ಒಂದು ಸುತ್ತು—"

"ನಾ ಗಾಡಿದು ಕೇಳಲಿಲ್ಲ."

ಸೊಹೇಲ ಬಾಗಿಲು ಮುಚ್ಚಿದ. ಒರಗಲು ಹೋಗಿ, ಒರಗದೆ ನೇರ ನಿಂತ. "ಅವತ್ತು ನಸುಕಿನಾಗ ಇದನ್ನ ಹೇಳಾಕ ಬಂದಿದ್ದೆ. ನೀವು ಖಾಲಿ ಡಬ್ಬಿ ಹಿಡ್ಕೊಂಡು ನಿಂತಿದ್ರಿ. ಹೊಲಕ್ಕ ನಾ ಬಿಡ್ತೀನಿ ಅಂತ ಬಾಯಿಗೆ ಬಂತು. ಮರುದಿನ ಹೇಳೋಣ ಅಂದ್ಕೊಂಡೆ. ಮರುದಿನ ನೀವು ನಗ್ತಾ ಜೀಪು ಹತ್ತಿದ್ರಿ. ಆಮ್ಯಾಲ ಹೇಳಾಕ ಆಗಲಿಲ್ಲ."

ನನ್ನ ಎದೆ ಹೂವಿನಂತೆ ಹಗುರಾಯಿತು. ಮುಖ ಮಾತ್ರ ಬಿಗಿದೇ ಇಟ್ಟುಕೊಂಡೆ. ಸುಳ್ಳು ಸುಳ್ಳೇ, ಎಷ್ಟು ಸಿಹಿಯಾಗಿದ್ದರೂ.

"ಭಾನುವಾರ ಕಾರಟಗಿಯಿಂದ ನನ್ನ ನೋಡಾಕ ಬರ್ತಾರ," ಎಂದೆ. "ಹೊಲ ಬಿಡಬೇಕಂತ ಅವರ ಮಾತು. ನಿಮ್ದೇನರ ಮಾತು ಐತೇನು?"

ಅವನ ಮುಖದ ಬಣ್ಣ ಇಳಿಯಿತು. "ಕೇಳೋ ಹಕ್ಕು ನನಗೈತೇನ್ರಿ?"

"ಹಕ್ಕು ನಾ ಕೊಡ್ತೀನಿ. ಧೈರ್ಯ ನೀವು ತರ್ರಿ."

ಒಂದು ಲಾರಿ ಹಾದುಹೋಯಿತು. ಧೂಳು ಕೂರುವ ತನಕ ಕಾದು ಅವನು ಹೇಳಿದ. "ನಾಹೀದಾ, ನನ್ನ ಮದುವಿ ಆಗ್ರಿ. ಹೊಲ ಬಿಡಬ್ಯಾಡ್ರಿ. ನೀವು ಹೊಲಕ್ಕ ಹೋಗೋದು ನೋಡಾಕ ಅಂತನ ನಾ ನಸುಕಿನಾಗ ಏಳೋದು ಕಲ್ತೀನಿ."

ಇಷ್ಟು ಸಾಕಿತ್ತು ನನಗೆ. ಆದರೂ ಹೇಳಿದೆ. "ಇನ್ನೊಮ್ಮೆ ಏನರ ಮುಚ್ಚಿಟ್ರ, ಆ ಜೀಪು, ಈ ಗಾಡಿ ಎರಡೂ ನಂದ."

"ಆತ್ರಿ," ಎಂದ. ಒಂದು ಕ್ಷಣವೂ ಯೋಚಿಸಲಿಲ್ಲ.

ಫುಪ್ಪಿಗೆ ಅಲ್ಲಿಂದಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. "ಫುಪ್ಪಿ, ಗಾಡಿಗೆ ಏನೂ ಆಗಿರಲಿಲ್ಲಂತ."

"ಮತ್ತ ಇಷ್ಟು ದಿನ ಅವ ಏನು ರಿಪೇರಿ ಮಾಡಿದ?"

"ನೀವ ಹೇಳ್ರಿ," ಎಂದು ಫೋನನ್ನು ಅವನ ಕೈಗಿಟ್ಟೆ.

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದ. "ಖಾಲಾ, ನಾ ಸೊಹೇಲ ಮಾತಾಡೋದು. ತಪ್ಪು ನಂದರಿ. ನಮ್ಮ ಅಮ್ಮೀನ ಕರ್ಕೊಂಡು ನಿಮ್ಮ ಮನಿಗೆ ಬರಬೇಕಂತ ಮಾಡೀನಿ, ಕೇಳಾಕ."

"ಏನು ಕೇಳಾಕ?"

"ನಾಹೀದಾರನ್ನ ಕೇಳಾಕ್ರಿ."

ಫುಪ್ಪಿಯ ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿದ್ದು ನಮಗೆ ಇಲ್ಲಿಗೇ ಕೇಳಿಸಿತು.

"ಕಾರಟಗಿಯವರಿಗೆ ನಾ ಹೇಳ್ತೀನಿ," ಎಂದಳು ಕೊನೆಗೆ. "ಭಾನುವಾರದ ಮಟನ್‌ಗೆ ಹೇಳಿ ಬಿಟ್ಟೀನಿ, ಅದು ದಂಡ ಆಗಬಾರದು. ಅವಗ ಬಾ ಅನ್ನು."

ಫೋನು ಇಟ್ಟಳು. ಸೊಹೇಲ ನನ್ನ ಮುಖವನ್ನೇ ನೋಡುತ್ತಿದ್ದ, ಅವಳ ಮಾತು ಕೇಳಿಯೂ ನನ್ನ ಬಾಯಿಂದ ಕೇಳಬೇಕು ಎನ್ನುವ ಹಾಗೆ.

"ಭಾನುವಾರ ಊಟಕ್ಕ ಬಾ," ಎಂದೆ. ಬಹುವಚನ ಬಿಟ್ಟು ಅವನನ್ನು ಕರೆದದ್ದು ಅದೇ ಮೊದಲು.